ಪಾಸ್ಟರ್ ಅಜ್ಜನ ನೆನಪಿಗೆ ಏನು ಮಾಡೋದು?

ಪ್ರಶ್ನೆ: ಪಕ್ಕದ್ಮನೆ ಪಾಸ್ಟರ್ ಅಜ್ಜ ತೀರ್ಕೊಂಡ್ರು, ಪ್ರೆಸ್ಬಿಟೇರಿಯನ್ (ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಪರಂಪರೆಯವ್ರು, ಜಡಿಮಳೇಲೂ ಕಾಯಿಲೆ ಬಿದ್ದೋರ ಮನೆಗೆ ಹೋಗಿ ವಿಚಾರಿಸ್ತಿದ್ರು. ನಾವು ಹಿಂದೂಗಳು, ಅವ್ರ ಹೆಸರಲ್ಲಿ ಪೂಜೆ ತರ ಏನಾದ್ರೂ ಮಾಡಿಸಬಹುದಾ ಸರ್?
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪ್ರೀತಿ ಓದಿ ಮನಸ್ಸು ತುಂಬಿ ಬಂತು. ಆದ್ರೆ ಆ ಪರಂಪರೇಲಿ ಸತ್ತವರಿಗೋಸ್ಕರ ಪ್ರಾರ್ಥನೆ ಮಾಡೋ ಪದ್ಧತಿ ಇಲ್ಲ, 1560ರಲ್ಲಿ ಸ್ಕಾಟ್ಲೆಂಡಲ್ಲಿ ಧರ್ಮ ಸುಧಾರಕ ಜಾನ್ ನಾಕ್ಸ್ ಕಾಲದ ಚರ್ಚ್ ಸುಧಾರಣೆಯಿಂದ ಬಂದ ಪರಂಪರೆ ಅದು, ಸ್ಮರಣೆ ಕೂಟ ಅಂದ್ರೆ ಆ ಬದುಕಿಗಾಗಿ ದೇವರಿಗೆ ಕೃತಜ್ಞತೆ ಹೇಳೋದು, ಮನೆಯೋರಿಗೆ ಧೈರ್ಯ ತುಂಬೋದು. 1947ರಲ್ಲಿ ಇಲ್ಲಿನ ಪ್ರೆಸ್ಬಿಟೇರಿಯನ್ನರೂ ಸೇರಿನೇ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಗಿದ್ದು, ಹಾಗಾಗಿ ಕೂಟ ಸಿಎಸ್‌ಐ ಚರ್ಚಲ್ಲೂ ಇರಬಹುದು. ಧಾರಾಳವಾಗಿ ಹೋಗಿ. ಮೊದ್ಲೇ ಮನೆಯೋರನ್ನ ಕೇಳ್ಕೊಂಡು ಎರಡು ಮಾತಾಡಿ, ಆ ಮಳೇಲಿ ನಡ್ಕೊಂಡು ಬರ್ತಿದ್ದದ್ದನ್ನೇ ಹೇಳಿ, ಎಷ್ಟೋ ಸಲ ಸ್ವಂತ ಮಕ್ಕಳಿಗೇ ಇಂಥದ್ದೆಲ್ಲ ಗೊತ್ತಿರಲ್ಲ.