“ನಮ್ಮದೇ ವಾಲ್ ಹಚ್ಚಿದ್ರ ಗುಳಿಗಿ ಬ್ಯಾಡಂತಲ್ರಿ?”

ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕವಾಟ (ವಾಲ್ವ್) ಕೆಟ್ಟ ಎಳೆಯರ ಮನೆಯವರು ಕಲಬುರಗಿಯಲ್ಲಿ ಆಪ್ತಸಲಹೆಗಾರರನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಈ ಸಲ ಬಂದ ಹುಡುಗಿ ಯಾದಗಿರಿ ಕಡೆಯ ಹಳ್ಳಿಯವಳು. ವಯಸ್ಸು ಇಪ್ಪತ್ತರ ಆಸುಪಾಸು, ಮದುವೆ ಮಾತು ನಡೆದಿತ್ತು. ಗುರುತು ಹತ್ತಬಾರದೆಂದು ಉಳಿದ ವಿವರ ಬಿಟ್ಟಿದೆ.

ತಂದೆ ರಾಸ್ ಶಸ್ತ್ರಚಿಕಿತ್ಸೆಯೇ ಆಗಬೇಕೆಂದು ಗಟ್ಟಿ ಮಾಡಿಕೊಂಡೇ ಬಂದಿದ್ದರು. 1967ರಲ್ಲಿ ಲಂಡನ್ನಿನಲ್ಲಿ ಡೊನಾಲ್ಡ್ ರಾಸ್ ಶುರುಮಾಡಿದ ವಿಧಾನ ಅದು. ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಕವಾಟವನ್ನು ಬುಡಸಮೇತ ತೆಗೆದು ಕೆಟ್ಟ ಕವಾಟದ ಜಾಗದಲ್ಲಿ ಕೂರಿಸುತ್ತಾರೆ, ಹೃದಯಕ್ಕೇ ರಕ್ತ ಕೊಡುವ ಎರಡೂ ಕರೋನರಿ ನಾಳಗಳನ್ನು ಅದಕ್ಕೆ ಹೊಲಿಯುತ್ತಾರೆ, ಖಾಲಿಯಾದ ಕಡೆ ದಾನಿಯ ಕವಾಟ ಇಡುತ್ತಾರೆ. ರೋಗಿಯದೇ ಜೀವಂತ ಕವಾಟವಾದ್ದರಿಂದ ಆಜೀವ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ) ಬೇಡ. ತಂದೆಯ ಕಿವಿಗೆ ಬಿದ್ದದ್ದು ಇದೊಂದೇ ಮಾತು.

ಅಷ್ಟೊತ್ತು ಸುಮ್ಮನಿದ್ದ ತಾಯಿ ಬಾಯಿಬಿಟ್ಟರು: “ಕೆಟ್ಟದ್ದು ಒಂದs ಅಲ್ರಿ? ಚೊಲೋ ಇದ್ದದ್ದೂ ಕಿತ್ತರ, ನಾಳಿ ಎರಡಕ್ಕೂ ರಿಪೇರಿ ಬರಂಗಿಲ್ಲೇನ್ರಿ?”

ಶಸ್ತ್ರವೈದ್ಯರೇ ತಮ್ಮಲ್ಲಿ ವಾದ ಮಾಡುವ ಪ್ರಶ್ನೆ! ಕಡಿಮೆ ಒತ್ತಡಕ್ಕೆ ಒಗ್ಗಿದ ಕವಾಟದ ಬುಡ ಮಹಾಪಧಮನಿಯ ಒತ್ತಡಕ್ಕೆ ಹಿಗ್ಗಿ ಸೋರಬಹುದು; ದಾನಿಯ ಕವಾಟ ವರ್ಷ ಕಳೆದಂತೆ ಗಡುಸಾಗಬಹುದು. ನುರಿತ ಕೈಯಲ್ಲಿ, ತಕ್ಕ ರೋಗಿಗೆ ದಶಕಗಟ್ಟಲೆ ಬಾಳುವುದೂ ಉಂಟು. ಇವಳು ತಕ್ಕ ರೋಗಿಯೇ?

ಕ್ಯಾರಿಬ್ಯಾಗಿನೊಳಗೆ ನಾಲ್ಕು ಮಡಿಕೆಯಾಗಿದ್ದ ಎಕೋ (ಹೃದಯದ ಸ್ಕ್ಯಾನ್) ವರದಿಯ ಎರಡನೇ ಪುಟದಲ್ಲಿ ಉತ್ತರವಿತ್ತು: ಹೃದಯದ ಇನ್ನೊಂದು ಕವಾಟವಾದ ಮೈಟ್ರಲ್ ಕವಾಟದ ಎಸಳುಗಳೂ ದಪ್ಪ, ರುಮ್ಯಾಟಿಕ್ (ಗಂಟಲು ಸೋಂಕಿನ ಬೆನ್ನಿಗೆ ಬರುವ ಜ್ವರದಿಂದ ಕೆಟ್ಟದ್ದು). ಆ ಜ್ವರ ಮರುಕಳಿಸದಿರಲು ಕೊಡುವ ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಸೂಜಿಯನ್ನು ಆರಾಮಾದಳೆಂದು ನಡುವೆ ಬಿಟ್ಟಿದ್ದರು. ರುಮ್ಯಾಟಿಕ್ ಕಾಯಿಲೆ ಜಾಗ ಬದಲಿಸಿದ ಕವಾಟವನ್ನೂ ಹಿಡಿಯಬಲ್ಲದು. ಹುಟ್ಟಿನಿಂದಲೇ ಮಹಾಪಧಮನಿ ಕವಾಟಕ್ಕೆ ಮೂರರ ಬದಲು ಎರಡೇ ಎಸಳು ಇದ್ದವರ ಲೆಕ್ಕ ಬೇರೆ.

ಕೊಟ್ಟ ಸಲಹೆ ಇಷ್ಟು: ಆ ಸಾಲಿನ ಕೆಳಗೆ ಗೆರೆ ಎಳೆದು ಶಸ್ತ್ರವೈದ್ಯರ ಮುಂದಿಡಿ. ಕವಾಟ ಕೆಟ್ಟ ಕಾರಣ ಏನು, ಇಂಥವರಿಗೆ ರಾಸ್ ಮಾಡುತ್ತೀರಾ, ವರ್ಷಕ್ಕೆ ಎಷ್ಟು ಮಾಡುತ್ತೀರಿ, ದಾನಿಯ ಕವಾಟ ಕೈಯಲ್ಲಿದೆಯೇ ಎಂದು ಕೇಳಿ. ಆಪ್ತಸಲಹೆಗಾರರಿಗೆ ಎಕೋ ಯಾಕೆ ಎನ್ನುವವರಿದ್ದಾರೆ. ನಿರ್ಧಾರ ವೈದ್ಯರದೇ. ಆದರೆ ಏನು ಕೇಳಬೇಕೆಂದು ಗೊತ್ತಿಲ್ಲದವರಿಗೆ ‘ಧೈರ್ಯ ತಗೊಳ್ರಿ’ ಎಂದು ಕಳಿಸಿದರೆ ಅದು ಸಲಹೆಯಲ್ಲ.

ಕೊನೆಗೆ ಲೋಹದ (ಮೆಕ್ಯಾನಿಕಲ್) ಕವಾಟ ನಿಶ್ಚಯವಾಯಿತು. ಇದಕ್ಕೆ ಆಜೀವ ವಾರ್ಫರಿನ್ ಬೇಕೇ ಬೇಕು. ಐಎನ್‌ಆರ್ (ರಕ್ತ ಎಷ್ಟು ನಿಧಾನ ಹೆಪ್ಪುಗಟ್ಟುತ್ತದೆಂದು ತೋರಿಸುವ ಅಂಕಿ) ಸಾಮಾನ್ಯವಾಗಿ 2ರಿಂದ 3, ವೈದ್ಯರು ಹೇಳಿದಾಗೆಲ್ಲ ರಕ್ತಪರೀಕ್ಷೆ. ಬಸಿರಿನ 6ರಿಂದ 12ನೇ ವಾರದಲ್ಲಿ ವಾರ್ಫರಿನ್ ಕೂಸಿಗೆ ಅಪಾಯ, ತಾನಾಗಿ ಬಿಟ್ಟರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ತಾಯಿಗೆ ಅಪಾಯ. ಹಾಗಾಗಿ ಗರ್ಭ ನಿಲ್ಲುವ ಮೊದಲೇ ವೈದ್ಯರಲ್ಲಿ ಹೋಗಬೇಕು. ಇದನ್ನು ಗಂಡಿನ ಮನೆಯವರಿಗೂ ಮದುವೆಗೆ ಮುಂಚೆಯೇ ಹೇಳಿರೆಂದಾಗ ತಂದೆ ಮುಖ ತಿರುಗಿಸಿದರು.

ತಾಯಿಯ ಚಿಂತೆ ಬೇರೆ, ಸೊಪ್ಪಿನ ಊಟ ಏರುಪೇರಾದರೆ ವಾರ್ಫರಿನ್ ಕೆಲಸವೂ ಏರುಪೇರಾಗುತ್ತದಲ್ಲ: “ಪುಂಡಿಪಲ್ಯ ಬಿಡಬೇಕೇನ್ರಿ?”

“ಬಿಡೋದು ಬ್ಯಾಡ್ರಿ ಯವ್ವಾ. ವಾರಕ್ಕ ಎಷ್ಟು ಸರ್ತಿ ತಿಂತಿದ್ಲೋ ಅಷ್ಟs ಇರಲಿ. ಒಮ್ಮೆಲೇ ಹೆಚ್ಚು ಮಾಡಬ್ಯಾಡ್ರಿ, ಒಮ್ಮೆಲೇ ನಿಲ್ಲಸಬ್ಯಾಡ್ರಿ.”