ಒಂದೇ ಪ್ರಶ್ನೆ, ಇಪ್ಪತ್ಮೂರು ಸಲ

ನನ್ನ ಹತ್ರ ಆಪ್ತಸಮಾಲೋಚನೆಗೆ ಬಂದಿದ್ದ ಒಬ್ಬ ಅಡಿಕೆ ಬೆಳೆಗಾರರ ಕಥೆ ಇದು. ಇದನ್ನ ಬರೀಬಹುದಾ ಅಂತ ಅವರನ್ನೇ ಕೇಳಿದ್ದೆ. "ಬರೀರಿ ಮೇಡಂ, ನಮ್ಮ ದೇವಿ ಹೆಸರು ಮಾತ್ರ ಹಾಕ್ಬೇಡಿ, ಅವಳಿಗೆ ಯಾಕೆ ನನ್ನಿಂದ ಕೆಟ್ಟ ಹೆಸರು" ಅಂದ್ರು. ಹಾಗಾಗಿ ದೇವಿ ಹೆಸರೂ ಇಲ್ಲ, ಅವರ ಹೆಸರೂ ಇಲ್ಲ, ಮನೆ ವಿವರ ಒಂದೆರಡು ಬದಲಾಯಿಸಿದೀನಿ. ಯಜಮಾನ್ರು ಅಂತ ಕರಿಯೋಣ. ಐವತ್ತರ ಆಸುಪಾಸು, ಶೃಂಗೇರಿ-ಕೊಪ್ಪ ಕಡೆ ಎರಡೂವರೆ ಎಕರೆ ಅಡಿಕೆ ತೋಟ, ಮನೇಲಿ ಹೆಂಡತಿ ಮತ್ತೆ ವಯಸ್ಸಾದ ತಾಯಿ, ಮಗ ಬೆಂಗಳೂರಲ್ಲಿ ಕೆಲಸದಲ್ಲಿದಾನೆ.

ಅವರಾಗೇ ಬಂದಿದ್ದಲ್ಲ, ಹೆಂಡತಿ ಕರ್ಕೊಂಡು ಬಂದ್ರು. ಅಡಿಕೆ ಗೊನೆ ಕೊಯ್ಲು ಶುರುವಾಗೋ ಹೊತ್ತು, ಅಂಥ ಟೈಮಲ್ಲಿ ಮಲೆನಾಡಿನ ಅಡಿಕೆಯವರು ಮನೆ ಬಿಟ್ಟು ಪೇಟೆಗೆ ಬಂದಿದಾರೆ ಅಂದ್ರೆ ವಿಷಯ ಸಣ್ಣದಿರಲ್ಲ. ರಾತ್ರಿ ಎರಡಕ್ಕೆ ಎಚ್ಚರ ಆಗತ್ತೆ, ಆಮೇಲೆ ನಿದ್ದೆ ಇಲ್ಲ, ಊಟ ಸೇರಲ್ಲ, ತೋಟಕ್ಕೆ ಹೋಗೋದನ್ನೇ ಬಿಟ್ಟಿದಾರೆ, ಯಾಕಂದ್ರೆ ಹೋದ್ರೆ ಹಳದಿ ಕಾಣತ್ತೆ. ಹಳದಿ ಎಲೆ ರೋಗ ಗೊತ್ತಿಲ್ಲದವರಿಗೆ ಹೇಳ್ತೀನಿ, ಸೋಗೆ, ಅಂದ್ರೆ ಅಡಿಕೆ ಮರದ ಎಲೆ, ತುದಿಯಿಂದ ಹಳದಿ ತಿರುಗ್ತಾ ಬರತ್ತೆ, ಕಾಯಿ ಉದುರತ್ತೆ, ಉಳಿದ ಅಡಿಕೆ ಒಳಗೆ ಮೆತ್ತಗಾಗಿ ಕಪ್ಪಾಗತ್ತೆ, ರೇಟೂ ಸಿಗಲ್ಲ. ಫೈಟೋಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯಿಂದ ಬರೋದು. ಕೊಳೆರೋಗಕ್ಕಾದ್ರೆ ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೀಬಹುದು, ಇದಕ್ಕೆ ವಾಸಿ ಮಾಡೋ ಔಷಧಿ ಅಂತ ಇಲ್ಲ. ಮರ ಒಂದೇ ಸಲ ಸಾಯಲ್ಲ, ವರ್ಷಗಟ್ಟಲೆ ಸೊರಗ್ತಾ ನಿಂತಿರತ್ತೆ, ಅದೇ ಜಾಸ್ತಿ ಹಿಂಸೆ ಅಂತ ನನಗನ್ಸತ್ತೆ. ತೋಟ ಇಟ್ಕೋಬೇಕಾ, ಮಾರಿ ಮಗನ ಹತ್ರ ಹೋಗ್ಬೇಕಾ, ಕಡಿದು ಬೇರೆ ಏನಾದ್ರೂ ಹಾಕ್ಬೇಕಾ. ಇದೊಂದು ತೀರ್ಮಾನ ಆಗದೆ ಏಳು ತಿಂಗಳಾಗಿತ್ತು.

"ಎಂತ ಮಾಡದು ಗೊತ್ತಾಗ್ತಿಲ್ಲ ಮೇಡಂ, ಎಲ್ಲ ದೇವಿ ಮೇಲೆ ಬಿಟ್ಟಿದೀನಿ" ಅಂತ ಹೇಳ್ತಾ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಟೇಬಲ್ ಮೇಲಿಟ್ರು. ರಟ್ಟಿನ ಮೇಲೆ ಕುಂಕುಮದ ಕೈ ಗುರುತು. ಒಳಗೆ ಗೆರೆ ಎಳೆದು ಕಾಲಂ ಮಾಡಿದಾರೆ: ತಾರೀಕು, ಪ್ರಶ್ನೆ, ಬಲ, ಎಡ. ನಮ್ಮ ಕಡೆ ದೇವರ ಮೂರ್ತಿಗೆ ಒದ್ದೆ ಹೂವೋ ಸಿಂಗಾರದ (ಅಡಿಕೆ ಹೂವಿನ) ಎಸಳೋ ಅಂಟಿಸಿ ಪ್ರಸಾದ ಕೇಳ್ತಾರಲ್ಲ, ಬಲಕ್ಕೆ ಬಿದ್ರೆ ಹೌದು, ಎಡಕ್ಕೆ ಬಿದ್ರೆ ಬೇಡ, ಅದರ ಲೆಕ್ಕ. ಯುಗಾದಿಯಿಂದ ಅವತ್ತಿನವರೆಗೆ 41 ಸಲ ಕೇಳಿದಾರೆ, ಅದ್ರಲ್ಲಿ 23 ಸಲ ಇದೇ ತೋಟದ ಪ್ರಶ್ನೆ, ಮಾತು ಮಾತ್ರ ಹಿಂದೆ ಮುಂದೆ. ಮಾರಲಾ ಅಂತ ಒಂದು ದಿನ, ಇಟ್ಕೊಳ್ಳಲಾ ಅಂತ ಮಾರನೇ ವಾರ. ಬಲ 14, ಎಡ 9. ಒಂದು ಎಡದ ಪಕ್ಕ ಪೆನ್ಸಿಲಲ್ಲಿ "ಹೂವು ಜಾಸ್ತಿ ಒದ್ದೆ ಇತ್ತು" ಅಂತ ಬರ್ದಿದ್ರು. ಇನ್ನೊಂದು ಬಲದ ಪಕ್ಕ "ಫ್ಯಾನ್ ಗಾಳಿ?"

ನಾನು ಅಲ್ಲೇ ಎಡವಿದೆ. ಅಷ್ಟು ಪೂಜೆ ಪುನಸ್ಕಾರದವಳಲ್ಲ ನಾನು, ಪುಸ್ತಕ ನೋಡಿದ ತಕ್ಷಣ ತಲೇಲಿ ಬಂದಿದ್ದು ಇದು ಗೀಳು, ಬೀಗ ಹಾಕಿದೀನಾ ಅಂತ ಹತ್ತು ಸಲ ಎದ್ದು ನೋಡ್ತಾರಲ್ಲ ಆ ಥರದ್ದು ಅಂತ. ಒಂದು ತಿಂಗಳು ಪ್ರಸಾದ ಕೇಳೋದು ಪೂರ್ತಿ ನಿಲ್ಸಿ ಅಂದ್ಬಿಟ್ಟೆ. ಯಜಮಾನ್ರು ತಲೆ ಆಡಿಸಿ ಪುಸ್ತಕ ಮುಚ್ಚಿಟ್ಕೊಂಡು ಹೋದ್ರು, ಮೂರು ವಾರ ಪತ್ತೆ ಇಲ್ಲ. ಆಮೇಲೆ ಅವರ ಹೆಂಡತಿ ಫೋನ್ ಮಾಡಿ, "ಇವರಿಗೆ ಬೇಜಾರಾಗಿದೆ, ಇದ್ದದ್ದು ಅದೊಂದೇ ಆಸರೆ, ಅದನ್ನೂ ಬಿಡಿ ಅಂದ್ರಂತೆ" ಅಂದ್ರು. ಸರಿಯಾಗೇ ಹೇಳಿದ್ರು. ಮುಳುಗ್ತಾ ಇರೋನ ಕೈಲಿರೋ ಹಗ್ಗ ಕಿತ್ಕೊಂಡು ಈಜು ಕಲಿ ಅಂದಂಗೆ ಆಗಿತ್ತು ನನ್ನ ಮಾತು.

ಎರಡನೇ ಸಲ ಬಂದಾಗ ಮೊದಲು ತಪ್ಪಾಯ್ತು ಅಂದೆ, ಆಮೇಲೆ ಕೇಳಲೇಬೇಕಾಗಿದ್ದ ಪ್ರಶ್ನೆ ನೇರವಾಗೇ ಕೇಳಿದೆ, ಸಾಯೋ ಯೋಚನೆ ಬಂದಿದ್ಯಾ ಅಂತ. ತೋಟದ ಮನೆ ಅಂದ್ರೆ ವಿಷದ ಬಾಟ್ಲಿ ಕೈಗೆಟುಕೋ ಹಾಗೇ ಇರತ್ತೆ. ಸ್ವಲ್ಪ ಹೊತ್ತು ಸುಮ್ನಿದ್ದು "ಬಂದಿತ್ತು, ಎರಡು ಸಲ, ತಾಯಿ ಇದಾಳಲ್ಲ ಅಂತ ಸುಮ್ನಾದೆ" ಅಂದ್ರು. ಅವತ್ತಿನ ಉಳಿದ ಮಾತೆಲ್ಲ ಪಕ್ಕಕ್ಕಿಟ್ವಿ. ತೋಟಕ್ಕೆ ಹೊಡೆಯೋ ಔಷಧಿ ಇಡೋ ಕೋಣೆಗೆ ಬೀಗ, ಕೀಲಿ ಹೆಂಡತಿ ಹತ್ರ. ತಾಲ್ಲೂಕು ಆಸ್ಪತ್ರೇಲಿ ಮಂಗಳವಾರ ನಡೆಯೋ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ಗೆ ಚೀಟಿ ಬರ್ದುಕೊಟ್ಟೆ, ಅಲ್ಲಿ ಡಾಕ್ಟ್ರು ನೋಡಿ ಮಾತ್ರೆ ಶುರು ಮಾಡಿದ್ರು. ರಾತ್ರಿ ಎರಡು ಗಂಟೆಗೆ ಅಂಥ ಯೋಚನೆ ಬಂದ್ರೆ ನನ್ನ ಫೋನ್ ಎತ್ತೋ ಗ್ಯಾರಂಟಿ ಇಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂತ ನಂಬರ್‌ನ ಅವರ ಅದೇ ನೋಟ್‌ಬುಕ್ಕಿನ ಮೊದಲನೇ ಪುಟದಲ್ಲಿ ಬರೆಸಿದೆ. ಇದನ್ನ ಯಾಕೆ ಇಷ್ಟುದ್ದ ಹೇಳ್ತಿದೀನಿ ಅಂದ್ರೆ, ಭಕ್ತರ ವಿಷಯದಲ್ಲಿ ನಾವು ಈ ಪ್ರಶ್ನೆ ಕೇಳೋಕೆ ಹಿಂಜರೀತೀವಿ, ಇಷ್ಟು ದೇವರು ದಿಂಡರು ಅನ್ನೋರು ಹಾಗೆಲ್ಲ ಮಾಡ್ಕೊಳ್ಳಲ್ಲ ಬಿಡು ಅಂತ.

ನಿದ್ದೆ ಸ್ವಲ್ಪ ಹತ್ತಿದ ಮೇಲೆ ಒಳಗಿದ್ದ ಇನ್ನೊಂದು ಗಂಟು ಬಿಚ್ಚಿತು. ಅಪ್ಪ ತೋಟ ವಿಸ್ತರಣೆ ಮಾಡುವಾಗ ನಾಗಬನದ ಅಂಚಿನ ಒಂದು ಮರ ಕಡ್ಸಿದ್ರಂತೆ, ಇದು ಅದರ ಶಾಪ ಅಂತ ಯಾರೋ ಹೇಳಿದಾರೆ. ಜೋಯಿಸರ ಹತ್ರ ಪ್ರಶ್ನೆ ಇಡ್ಸಿ, ಶಾಂತಿ ಮಾಡ್ಸಿ, ಒಂದು ಲಕ್ಷ ನಲವತ್ತು ಸಾವಿರ ಖರ್ಚಾಗಿದೆ, ಅದರಲ್ಲಿ ಅರ್ಧ ಅಡಿಕೆ ಮಂಡಿಯಿಂದ ತಂದ ಸಾಲ. ಶಾಪ ಗೀಪ ಎಲ್ಲ ಸುಳ್ಳು ಅಂತ ನಾನು ವಾದಕ್ಕೆ ಹೋಗ್ಲಿಲ್ಲ, ಒಂದ್ಸಲ ಪಾಠ ಕಲ್ತಾಗಿತ್ತು. ನಿಮ್ಮ ಪಕ್ಕದ ತೋಟ ಹೇಗಿದೆ ಅಂದೆ. ಅದೂ ಹಳದಿ. ಅದರಾಚೆದು? ಅದೂನೂ. ಸುಳ್ಯದ ಸಂಪಾಜೆ ಕಡೆ? ಅಲ್ಲಿ ನಮಗಿಂತ ಮೊದಲೇ ಹೋಗಿದೆ ಮೇಡಂ. "ಹಾಗಾದ್ರೆ ಅವರೆಲ್ಲರ ಅಪ್ಪಂದಿರೂ ನಾಗಬನದ ಮರ ಕಡಿದಿದ್ರಾ?" ಯಜಮಾನ್ರು ನನ್ನ ಮುಖ ನೋಡಿದ್ರು, ಹೆಂಡತಿ ಮುಖ ನೋಡಿದ್ರು, ಆಮೇಲೆ ನಕ್ರು. ಏಳೆಂಟು ತಿಂಗಳಾದ ಮೇಲೆ ಇವರು ನಕ್ಕಿದ್ದು ಇವತ್ತೇ ಅಂತ ಹೊರಗೆ ಹೋಗ್ತಾ ಆ ಅಮ್ಮ ಹೇಳಿದ್ರು.

ಅವರಪ್ಪ ಹೇಗೆ ಪ್ರಸಾದ ಕೇಳ್ತಿದ್ರು ಅಂತ ವಿಚಾರಿಸಿದಾಗ ದಾರಿ ಸಿಕ್ತು. ಅಪ್ಪ ವರ್ಷಕ್ಕೆ ಒಂದೋ ಎರಡೋ ಸಲ ಕೇಳೋರಂತೆ. ಒಂದ್ಸಲ ಗದ್ದೆ ಕೊಳ್ಳೋ ವಿಷಯಕ್ಕೆ ಎಡ ಆಯ್ತಂತೆ, "ಸರಿ ತಾಯಿ" ಅಂತ ಕೈ ಮುಗಿದು, ಬರ್ತಾ ದಾರೀಲಿ ಗೊಬ್ಬರದ ಲೆಕ್ಕ ಮಾತಾಡ್ತಾ ಬಂದ್ರಂತೆ. ನಿಮ್ಮ ಪುಸ್ತಕದಲ್ಲಿ ಒಂದೇ ಪ್ರಶ್ನೆ ಇಪ್ಪತ್ಮೂರು ಸಲ ಇದೆಯಲ್ಲ ಯಜಮಾನ್ರೇ, ಇದು ದೇವಿ ಮೇಲೆ ಬಿಟ್ಟಿದ್ದಾ ಅಂತ ಮೆಲ್ಲಗೆ ಕೇಳಿದೆ. ತುಂಬ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಅವರೇ ಅಂದ್ರು, "ಬಿಟ್ಟಿದ್ರೆ ಒಂದೇ ಸಲಕ್ಕೆ ಸಾಕಾಗ್ತಿತ್ತು. ಭಟ್ರೂ ಹೋದ ತಿಂಗಳು ಇದನ್ನೇ ಹೇಳಿದ್ರು, ಇನ್ನು ಕೇಳ್ಬೇಡಿ ಮಾರಾಯ್ರೆ, ಅಮ್ಮನಿಗೂ ಸಾಕಾಗಿದೆ ಅಂತ." ಅವತ್ತು ನಾನು ಹೇಳೋದೇನೂ ಉಳೀಲಿಲ್ಲ, ನನ್ನ ಕೆಲಸ ಭಟ್ರು ಫೀಸಿಲ್ಲದೆ ಮಾಡಿದ್ರು.

1988ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತೆ ಅವರ ಜೊತೆಯವರು ಕಷ್ಟ ಬಂದಾಗ ನಂಬಿಕೆ ಇರೋರು ಏನ್ಮಾಡ್ತಾರೆ ಅಂತ ನೋಡಿ ಮೂರು ಥರ ಗುರುತು ಮಾಡಿದ್ರು. ಎಲ್ಲ ದೇವರಿಗೆ ಬಿಟ್ಟು ಕೈಕಟ್ಟಿ ಕೂರೋರು, ದೇವರನ್ನ ಕರೀದೆ ತಾವೇ ನೋಡ್ಕೊಳ್ಳೋರು, ದೇವರ ಜೊತೆ ಸೇರಿ ಮಾಡ್ತೀನಿ ಅನ್ನೋರು. ಮೊದಲನೆಯವರಲ್ಲಿ ತಮ್ಮ ಕೈಲಾಗತ್ತೆ ಅನ್ನೋ ಧೈರ್ಯ ಕಮ್ಮಿ, ಮೂರನೆಯವರಲ್ಲಿ ಜಾಸ್ತಿ ಕಂಡಿತ್ತು. ಇದನ್ನ ಯಜಮಾನ್ರಿಗೆ ಹೇಳಿದ್ರೆ, "ಇದಕ್ಕೆ ಅಮೆರಿಕದವರು ಬೇಕಿತ್ತಾ, ನಮ್ಮ ತೋಟದ ಆಳು ಹೇಳ್ತಿದ್ದ" ಅಂದ್ರು.

ಕೊಟ್ಟ ಸಲಹೆ ಅಂದ್ರೆ ಇಷ್ಟೇ. ಪ್ರಾರ್ಥನೆ ಬಿಡೋದು ಬೇಡ, ಬೆಳಿಗ್ಗೆ ಸಂಜೆ ದೀಪ ಹಚ್ಚೋದು ಹೇಗಿದ್ಯೋ ಹಾಗೇ ಇರ್ಲಿ, ಪ್ರಸಾದಾನೂ ಬೇಕಾದ್ರೆ ಕೇಳಿ, ಆದ್ರೆ ಹೊಸ ವಿಷಯ ಒಂದು ಗೊತ್ತಾಗದೆ ಹಳೇ ಪ್ರಶ್ನೆ ಕೇಳೋ ಹಾಗಿಲ್ಲ. ಈ ಮಾತನ್ನ ನನ್ನ ಹತ್ರ ಒಪ್ಕೊಂಡ್ರೆ ಉಪಯೋಗ ಇಲ್ಲ, ದೇವಿ ಮುಂದೇನೇ ಒಪ್ಕೊಂಡು ಬನ್ನಿ ಅಂದೆ, ಹೋಗಿ ಕಾಯಿ ಒಡ್ಸಿ ಒಪ್ಕೊಂಡು ಬಂದ್ರು. ಚಿಂತೆಗೆ ಊಟ ಆದ್ಮೇಲೆ ಜಗಲೀಲಿ ಕೂತು ಇಪ್ಪತ್ತು ನಿಮಿಷ, ಗಡಿಯಾರ ನೋಡಿ. ರಾತ್ರಿ ಬಂದ್ರೆ ನಾಳೆ ಜಗಲಿಗೆ ಬಾ ಅಂತ ವಾಪಸ್ ಕಳಿಸೋದು. ದೇವರ ಮುಂದೆ ಕೂತಾಗ ತೋಟ ಉಳಿಯುತ್ತಾ ಅನ್ನೋದರ ಬದಲು ನಾಳೆ ಮಾಡೋ ಒಂದು ಕೆಲಸ ಹೇಳಿ ಅದಕ್ಕೆ ಶಕ್ತಿ ಕೊಡು ಅಂತ ಕೇಳೋದು. ಸಾಲದ ವಿಷಯ ಮಗನಿಗೆ ಹೇಳೋದು, ಅದಂತೂ ಪ್ರಸಾದ ಕೇಳೋ ಪ್ರಶ್ನೇನೇ ಅಲ್ಲ.

ಇದ್ರಲ್ಲಿ ನಿಜವಾಗ್ಲೂ ಕೆಲಸ ಮಾಡಿದ್ದು ನಾನು ಅಷ್ಟೇನೂ ಯೋಚನೆ ಮಾಡದೆ ಹೇಳಿದ ಒಂದು ಮಾತು. ಎಷ್ಟು ಮರ ಹಳದಿ ಆಗಿದೆ ಅಂತ ಕೇಳಿದೆ, "ಪೂರ್ತಿ ಹೋಯ್ತು" ಅಂದ್ರು. ಪೂರ್ತಿ ಅಂದ್ರೆ ಎಷ್ಟು? ಗೊತ್ತಿಲ್ಲ. ದೇವಿ ಹತ್ರ ಇಪ್ಪತ್ಮೂರು ಸಲ ಕೇಳಿದಾರೆ, ಮರ ಒಂದ್ಸಲಾನೂ ಎಣಿಸಿಲ್ಲ! ಹಾಗಾದ್ರೆ ನಾಳೆಯ ಕೆಲಸ ಅದೇ ಅಂದೆ. ಗಂಡ ಹೆಂಡತಿ ಸುಣ್ಣದ ಡಬ್ಬ ಹಿಡ್ಕೊಂಡು ತೋಟಕ್ಕಿಳಿದ್ರು, ಪೂರ್ತಿ ಹಳದಿಗೆ ಎರಡು ಗೆರೆ, ಅನುಮಾನದ್ದಕ್ಕೆ ಒಂದು ಗೆರೆ, ಚೆನ್ನಾಗಿರೋದಕ್ಕೆ ಏನಿಲ್ಲ. ನಾಲ್ಕು ದಿನ ಹಿಡೀತು, ಯಾಕಂದ್ರೆ ಮೊದಲನೇ ದಿನ ಅರ್ಧಕ್ಕೇ ಅಳು ಬಂದು ವಾಪಸ್ ಬಂದಿದ್ರಂತೆ, ಹೆಂಡತಿ ಒಬ್ರೇ ಆ ಸಾಲು ಮುಗಿಸಿದ್ರು. ಒಟ್ಟು 1,312 ಮರ. ಎರಡು ಗೆರೆ 418, ಒಂದು ಗೆರೆ 207. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಇನ್ನೂ ಹಸಿರು. ಅದ್ರಲ್ಲೂ ಕೆಳಗಿನ ತಗ್ಗಲ್ಲಿ ಬಸಿಗಾಲುವೆ ಹೂಳು ತುಂಬಿ ನೀರು ನಿಲ್ಲೋ ಕಡೇನೇ ಎರಡು ಗೆರೆ ಜಾಸ್ತಿ. ಕಾಲುವೆ ಹೂಳು ತೆಗೆದ್ರೆ ರೋಗ ಹೋಗತ್ತೆ ಅಂತಲ್ಲ, ನೀರು ಬಸಿದು ಗೊಬ್ಬರ ಬಿದ್ರೆ ಮರ ಇನ್ನೊಂದಷ್ಟು ವರ್ಷ ತಡ್ಕೊಳ್ಳತ್ತೆ ಅಂತ ತೋಟಗಾರಿಕೆ ಇಲಾಖೆಯವರು ಹೇಳಿದ್ರು. ಆ ಲೆಕ್ಕ ಹಿಡ್ಕೊಂಡು ಬಂದಾಗಿನ ಯಜಮಾನ್ರ ದನಿ ಬೇರೇನೇ ಇತ್ತು, ಕೆಟ್ಟ ಸುದ್ದೀನೂ ಅಳತೆಗೆ ಸಿಕ್ಕಿದ್ರೆ ಹಿಡ್ಕೊಳ್ಳೋಕೆ ಬರತ್ತೆ.

ಆಮೇಲೆ ಎಲ್ಲ ಸಲೀಸಾಗಿ ಹೋಯ್ತು ಅಂತಲ್ಲ. ಮಗ ಸಾಲದ ವಿಷಯ ಕೇಳಿ ಸಿಟ್ಟಾಗಿ ಒಂದು ತಿಂಗಳು ಸರಿಯಾಗಿ ಮಾತಾಡ್ಲಿಲ್ಲ. ಜುಲೈ ಮಳೇಲಿ ಕೊಳೆರೋಗಾನೂ ಸೇರ್ಕೊಂಡಾಗ ಯಜಮಾನ್ರು ಕದ್ದು ಬೇರೆ ಊರಿನ ದೇವಸ್ಥಾನಕ್ಕೆ ಹೋಗಿ ಅದೇ ಹಳೇ ಪ್ರಶ್ನೆ ಕೇಳಿ ಬಂದಿದಾರೆ, ಮುಂದಿನ ಸಲ ಶಾಲೆ ಹುಡುಗನ ಹಾಗೆ ತಲೆ ತಗ್ಗಿಸಿ ಅವರೇ ಹೇಳಿದ್ರು. ಏನಾಯ್ತು ಅಂದೆ. "ಹೂವು ಬೀಳ್ಲೇ ಇಲ್ಲ ಮೇಡಂ, ಮುಕ್ಕಾಲು ಗಂಟೆ ನಿಂತಿದ್ದೆ." ಇಬ್ರೂ ನಕ್ವಿ. ತೋಟ ಮಾರ್ಲಿಲ್ಲ. ಎರಡು ಗೆರೆ ಮರಗಳ ನಡುವೆ ಕಾಫಿ ಗಿಡ, ಹಸಿರಿರೋ ಮರಕ್ಕೆ ಮೆಣಸಿನ ಬಳ್ಳಿ, ಇದು ಅವರೇ ಮಗನ ಜೊತೆ ಕೂತು ಮಾಡಿದ ತೀರ್ಮಾನ. ಹಳದಿ ಈ ವರ್ಷ ಇನ್ನೂ ಮೂವತ್ತು ಮರಕ್ಕೆ ಹಬ್ಬಿದೆ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅದರ ಲೆಕ್ಕಾನೂ ಇದೆ. ಮಾತ್ರೆ ಡಾಕ್ಟ್ರು ಕಮ್ಮಿ ಮಾಡ್ತಾ ಬಂದಿದಾರೆ.

ಹೋದ ನವರಾತ್ರೀಲಿ ಫೋನ್ ಮಾಡಿದ್ರು. ದೇವಸ್ಥಾನಕ್ಕೆ ಹೋಗಿದ್ರಂತೆ, ಇವರನ್ನ ನೋಡಿದ್ದೇ ಭಟ್ರು ಅಭ್ಯಾಸ ಬಲದಿಂದ ಹೂವು ಒದ್ದೆ ಮಾಡೋಕೆ ತಂಬಿಗೆಗೆ ಕೈ ಹಾಕಿದ್ರಂತೆ. "ಬೇಡ ಭಟ್ರೇ, ಇವತ್ತು ಸುಮ್ನೆ ಬಂದಿದ್ದು ಅಂದೆ" ಅಂದ್ರು. ಮುಂದಿನ ಭೇಟಿ ಕೊಯ್ಲು, ಸುಲಿಯೋದು ಎಲ್ಲ ಮುಗಿದ ಮೇಲೆ ಅಂತ ಇಟ್ಕೊಂಡಿದೀವಿ, ಅಲ್ಲೀವರೆಗೆ ಅವರು ಯಾರ ಕೈಗೂ ಸಿಗಲ್ಲ.