ನೀರಿಗಿಂತ ಮೊದಲು ಕಿಟ್‌ ಅನ್ನು ಪರೀಕ್ಷಿಸಿ

(ಪಾವಗಡ ತಾಲ್ಲೂಕಿನ ವಿಜ್ಞಾನ ಶಿಕ್ಷಕರೊಬ್ಬರ ಪತ್ರದ ಸಾರ: ಒಂಬತ್ತನೇ ತರಗತಿಯ ಮಕ್ಕಳು ಶಾಲೆಯ ಕೊಳವೆಬಾವಿ ನೀರಿಗೆ ನುಗ್ಗೆ ಬೀಜದ ಪುಡಿ ಮತ್ತು ಪಟಿಕ ಹಾಕಿ ಕಲಕಿ, ಬಟ್ಟೆಯಲ್ಲಿ ಸೋಸಿದರು. ಬಣ್ಣ ನೋಡಿ ಅಳೆಯುವ ಕಿಟ್‌ನಲ್ಲಿ ಫ್ಲೋರೈಡ್ ಲೀಟರಿಗೆ 3 ಮಿ.ಗ್ರಾಂನಿಂದ 0.5ಕ್ಕೆ ಇಳಿಯಿತು. ಮೇಳದ ತೀರ್ಪುಗಾರರು ‘ಇಳಿದದ್ದು ಯಾವುದರಿಂದ?’ ಎಂದು ಕೇಳಿದಾಗ ಮಕ್ಕಳು ಸುಮ್ಮನಾದರು. ಈ ನೀರನ್ನು ಶಾಲೆಯಲ್ಲಿ ಕುಡಿಯಲು ಕೊಡಬಹುದೇ?)

ಮೇಷ್ಟ್ರೇ, ಸದ್ಯಕ್ಕೆ ಕೊಡಬೇಡಿ. ಮಕ್ಕಳ ಕೆಲಸ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ಆ 0.5 ಎಂಬ ಅಂಕಿಯನ್ನು ಇನ್ನೂ ನಂಬುವಂತಿಲ್ಲ, ಅಷ್ಟೇ.

ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಜಿರ್ಕೋನಿಯಂ ಸೇರಿದ ಕೆಂಪು ಬಣ್ಣದ ದ್ರಾವಣವಿರುತ್ತದೆ. ನೀರಿನಲ್ಲಿರುವ ಫ್ಲೋರೈಡ್ ಜಿರ್ಕೋನಿಯಂ ಅನ್ನು ತನ್ನತ್ತ ಎಳೆದುಕೊಂಡಂತೆ ಕೆಂಪು ಮಾಸುತ್ತದೆ. ಪಟಿಕ ಹಾಕಿದ ನೀರಿನಲ್ಲಿ ಅಲ್ಯೂಮಿನಿಯಂ ಉಳಿದಿದ್ದರೆ ಅದು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ಮಾಸುವುದಿಲ್ಲ, ಕಿಟ್ ಕಡಿಮೆ ತೋರಿಸುತ್ತದೆ. ಫ್ಲೋರೈಡ್ ಮಾತ್ರ ನೀರಿನಲ್ಲೇ ಇರುತ್ತದೆ, ಮಗುವಿನ ಹೊಟ್ಟೆಗೂ ಹೋಗುತ್ತದೆ. ಪಟಿಕ ಬಳಸುವ ಶಾಲಾ ಪ್ರಯೋಗಗಳು ಎಡವುವುದು ಇಲ್ಲಿಯೇ. ಬ್ಲೀಚಿಂಗ್ ಪುಡಿ ಹಾಕಿದ್ದರೆ ತಪ್ಪು ತಿರುಗುಮುರುಗು: ಉಳಿದ ಕ್ಲೋರಿನ್ ಬಣ್ಣವನ್ನೇ ಕೆಡಿಸಿ ಫ್ಲೋರೈಡ್ ಹೆಚ್ಚಿದೆ ಎನ್ನಿಸುತ್ತದೆ.

ಇದನ್ನು ಶಾಲೆಯಲ್ಲೇ ಪತ್ತೆ ಹಚ್ಚಬಹುದು. ಬಣ್ಣ ಬಂದ ಕೂಡಲೇ ಒಮ್ಮೆ, 15 ನಿಮಿಷ ಬಿಟ್ಟು ಇನ್ನೊಮ್ಮೆ ಓದಿ. ಎರಡನೇ ಅಂಕಿ ಏರಿದ್ದರೆ ಅಲ್ಯೂಮಿನಿಯಂ ಮೇಲೆ ಅನುಮಾನ ಪಡಿ. ಇನ್ನೂ ಗಟ್ಟಿಯಾದ ಪರೀಕ್ಷೆ ಹೀಗಿದೆ. 0.221 ಗ್ರಾಂ ಸೋಡಿಯಂ ಫ್ಲೋರೈಡನ್ನು 1 ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 100 ಮಿ.ಗ್ರಾಂ ಫ್ಲೋರೈಡಿನ ದ್ರಾವಣ ಸಿಗುತ್ತದೆ. ಸೋಡಿಯಂ ಫ್ಲೋರೈಡ್ ವಿಷ. ತೂಗುವುದು, ಬೀಗದಲ್ಲಿಡುವುದು ನಿಮ್ಮ ಕೈಯಲ್ಲೇ ಇರಲಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್‌ನಲ್ಲಿಡಿ. ಸೋಸಿದ 100 ಮಿ.ಲೀ. ನೀರಿಗೆ ಇದರಲ್ಲಿ 1 ಮಿ.ಲೀ. ಸೇರಿಸಿ ಮತ್ತೆ ಅಳೆಯಿರಿ. 0.5 ಇದ್ದದ್ದು ಹತ್ತಿರ ಹತ್ತಿರ 1.5 ಆಗಬೇಕು. 1ರಲ್ಲೇ ನಿಂತರೆ, ಸೇರಿಸಿದ ಫ್ಲೋರೈಡನ್ನು ಯಾವುದೋ ಬಚ್ಚಿಡುತ್ತಿದೆ ಎಂದರ್ಥ. ಈ ಒಂದು ಪರೀಕ್ಷೆಯ ಫಲಿತಾಂಶವನ್ನು ಮಕ್ಕಳು ಚಾರ್ಟಿನಲ್ಲಿ ಬರೆದಿದ್ದರೂ ತೀರ್ಪುಗಾರರ ಮುಂದೆ ಮಾತು ನಿಲ್ಲುತ್ತಿರಲಿಲ್ಲ.

ಇನ್ನು ‘ಯಾವುದರಿಂದ’ ಎಂಬ ಪ್ರಶ್ನೆ. ನುಗ್ಗೆ ಬೀಜದ ಪ್ರೋಟೀನು ಕೆಸರಿನ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುತ್ತದೆ. ಕೆರೆಯ ರಾಡಿ ನೀರಿಗೆ ಅದು ನಿಜಕ್ಕೂ ಒಳ್ಳೆಯದು. ಕೊಳವೆಬಾವಿ ನೀರಿನಲ್ಲಿ ಕೆಸರಿಲ್ಲ, ಫ್ಲೋರೈಡ್ ಕರಗಿದ ಅಯಾನು. ಪುಡಿಯ ಪಾಲೆಷ್ಟು, ಪಟಿಕದ ಪಾಲೆಷ್ಟು ಎಂದು ಬೇರೆ ಬೇರೆ ಅಳೆಯಲೇಬೇಕು. ಬರೀ ನೀರು, ನೀರು ಮತ್ತು ಪುಡಿ, ನೀರು ಮತ್ತು ಪಟಿಕ, ಎರಡೂ ಸೇರಿದ್ದು, ಜೊತೆಗೆ ಭಟ್ಟಿ ಇಳಿಸಿದ ನೀರಿಗೆ ಪುಡಿ ಹಾಕಿದ್ದು: ಐದು ಪಾತ್ರೆ, ಪ್ರತಿಯೊಂದೂ ಮೂರು ಸಲ. ಕೊನೆಯ ಪಾತ್ರೆ ಮುಖ್ಯ. ಪುಡಿ ನೀರಿಗೆ ಬಿಡುವ ಹಳದಿ ಕಿಟ್‌ನ ಬಣ್ಣವನ್ನು ಎಷ್ಟು ಕದಡುತ್ತದೆ ಎಂದು ಅದರಲ್ಲಿ ಕಾಣುತ್ತದೆ. ಪುಡಿ ಹಾಕಿದ ನೀರು ಒಂದೆರಡು ದಿನದಲ್ಲಿ ವಾಸನೆ ಬರುವುದನ್ನೂ ಮಕ್ಕಳು ಗಮನಿಸಲಿ.

ಪಟಿಕದ ದಾರಿಗೆ ಹೆಸರಿದೆ. ನಾಗಪುರದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ, ಪಟಿಕ ಬಳಸುತ್ತಾರೆ. 10 ಗ್ರಾಂ ಪಟಿಕವನ್ನು ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿ, ಆಗ 1 ಮಿ.ಲೀ.ಗೆ 100 ಮಿ.ಗ್ರಾಂ. ನಿಮ್ಮ ನೀರಿನ ಫ್ಲೋರೈಡ್ ಲೀಟರಿಗೆ 3 ಮಿ.ಗ್ರಾಂ, ಕ್ಷಾರೀಯತೆ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ) 400 ಮಿ.ಗ್ರಾಂ ಆಸುಪಾಸು ಇದ್ದರೆ ಲೀಟರಿಗೆ ಸುಮಾರು 400 ಮಿ.ಗ್ರಾಂ ಬೇಕು. ಆದರೆ ಈ ಲೆಕ್ಕ ನೀರು ಶುದ್ಧೀಕರಣ ಘಟಕಗಳ ಅಲ್ಯೂಮಿನಿಯಂ ಸಲ್ಫೇಟಿನದು. ಅಂಗಡಿಯ ಹರಳು ಪಟಿಕದಲ್ಲಿ ಪೊಟ್ಯಾಸಿಯಂ ಸೇರಿರುತ್ತದೆ, ಅಲ್ಯೂಮಿನಿಯಂ ಅಷ್ಟರಮಟ್ಟಿಗೆ ಕಡಿಮೆ, ಸುಮಾರು 1.4 ಪಟ್ಟು ಹಾಕಬೇಕಾಗುತ್ತದೆ. ಹಾಗಾಗಿ ಒಂದೊಂದು ಲೀಟರಿನ ಐದು ಪಾತ್ರೆಗಳಿಗೆ 4, 5, 6, 7, 8 ಮಿ.ಲೀ. ಹಾಕಿ ನೋಡಿ. ಪಟಿಕಕ್ಕೆ ಮೊದಲು ಸುಣ್ಣ: 1 ಗ್ರಾಂ ಅರಳಿದ ಸುಣ್ಣವನ್ನು 100 ಮಿ.ಲೀ. ನೀರಿನಲ್ಲಿ ಕದಡಿ, ಪ್ರತಿ ಸಲವೂ ಅಲ್ಲಾಡಿಸಿ, 2 ಮಿ.ಲೀ. ಹಾಕಿ. ಕ್ಷಾರೀಯತೆ ಹೆಚ್ಚಿರುವ ನೀರಿಗೆ ಸುಣ್ಣವೇ ಬೇಡವಾಗಬಹುದು. ಪಟಿಕ ಹಾಕಿ ಒಂದು ನಿಮಿಷ ಬಿರುಸಾಗಿ, ಆಮೇಲೆ 15 ನಿಮಿಷ ನಿಧಾನವಾಗಿ ತಿರುಗಿಸಿ. ಕೊನೆಯವರೆಗೂ ಬಿರುಸಾಗಿ ಕಲಕಿದರೆ ಹತ್ತಿಯಂಥ ಗಸಿ ಒಡೆದು ನೀರಿನಲ್ಲೇ ತೇಲುತ್ತದೆ. ಒಂದು ತಾಸು ಬಿಟ್ಟು ಮೇಲಿನ ತಿಳಿಯನ್ನಷ್ಟೇ ತೆಗೆಯಿರಿ. ರಾತ್ರಿಯಿಡೀ ಗಸಿಯ ಮೇಲೆ ನೀರು ಬಿಟ್ಟರೆ ಹಿಡಿದ ಫ್ಲೋರೈಡ್ ಮರಳಿ ನೀರಿಗಿಳಿಯಬಹುದು. ಗಸಿಯನ್ನು ಶಾಲೆಯ ಕೈತೋಟಕ್ಕೆ ಸುರಿಯಬೇಡಿ.

ಪಿಎಚ್ 6.5ರಿಂದ 7.5ರೊಳಗಿರಲಿ. ಅದಕ್ಕಿಂತ ಬಹಳ ಇಳಿದರೂ ಏರಿದರೂ ಅಲ್ಯೂಮಿನಿಯಂ ನೀರಿನಲ್ಲೇ ಕರಗಿ ಉಳಿಯುತ್ತದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಇರಬಹುದು, ಅಲ್ಯೂಮಿನಿಯಂ 0.03, ಹೆಚ್ಚೆಂದರೆ 0.2. ಒಂದೇ ಸಲ ಸಿದ್ಧಪಡಿಸಿದ ನೀರನ್ನು ಎರಡು ಬಾಟಲಿಗಳಲ್ಲಿ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿ, ಫ್ಲೋರೈಡ್ ಜೊತೆ ಅಲ್ಯೂಮಿನಿಯಂ ಕೂಡ ಅಳೆಯಲು ಹೇಳಿ. ಎಲೆಕ್ಟ್ರೋಡ್ ವಿಧಾನವಿದ್ದರೆ ಅದನ್ನೇ ಕೇಳಿ. ಅದರಲ್ಲಿ ಬಳಸುವ ಬಫರ್ ದ್ರಾವಣ ಅಲ್ಯೂಮಿನಿಯಂ ಹಿಡಿದ ಫ್ಲೋರೈಡನ್ನು ಬಿಡಿಸಿಯೇ ಅಳೆಯುತ್ತದೆ. ಅಂದ ಹಾಗೆ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಾಢವಾಗುತ್ತದೆ. ಮನೆಗಳಲ್ಲಿ ಈ ತಪ್ಪು ನಂಬಿಕೆ ಬಲವಾಗಿದೆ, ಮಕ್ಕಳೇ ಅಳೆದು ತೋರಿಸಲಿ.

ಕುಡಿಯುವ ನೀರಿಗೆ ನಾವು ಸೂಚಿಸುವುದು ಶಾಲೆಯ ಚಾವಣಿಯನ್ನು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 100 ಚದರ ಮೀಟರ್ ಆರ್‌ಸಿಸಿ ಚಾವಣಿಗೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದು, ಅದರ ಶೇ. 80 ಸಿಕ್ಕರೂ 40,000 ಲೀಟರ್. ಎರಡು ಪಾಲು ಮಳೆನೀರಿಗೆ ಒಂದು ಪಾಲು ನಿಮ್ಮ ಕೊಳವೆಬಾವಿ ನೀರು ಬೆರೆಸಿದರೆ 3 ಇದ್ದದ್ದು 1ಕ್ಕಿಳಿದು, ಒಟ್ಟು 60,000 ಲೀಟರ್ ಆಗುತ್ತದೆ. ತಲಾ 2 ಲೀಟರಿನಂತೆ 150 ಮಕ್ಕಳಿಗೆ 200 ದಿನ ಸಾಕು. ಪ್ರತಿ ಮಳೆಯ ಮೊದಲ ನೀರನ್ನು ಹೊರಬಿಡುವ ಕವಾಟ, ಜಲ್ಲಿ-ಮರಳಿನ ಸೋಸುಕ, ಬೆಳಕು ಬೀಳದ ಮುಚ್ಚಿದ ತೊಟ್ಟಿ, ಕ್ಲೋರಿನ್ ಬೇಕೇ ಬೇಕು. ಬೆರಕೆ ನೀರಿನಲ್ಲಿ ಪಟಿಕವಿಲ್ಲದ್ದರಿಂದ ಅಲ್ಯೂಮಿನಿಯಂ ಅಡ್ಡಿ ಬರುವುದಿಲ್ಲ. ಕ್ಲೋರಿನ್ ಹಾಕುವ ಮೊದಲೇ ಅಳೆದರೆ ನಿಮ್ಮ ಕಿಟ್‌ನ ಅಂಕಿಯನ್ನು ಹೆಚ್ಚು ಭರವಸೆಯಿಂದ ಓದಬಹುದು.

ಐದು ಪಾತ್ರೆಗಳ ಅಂಕಿಗಳು ಸಿದ್ಧವಾದಾಗ, ಇಳಿಯದೇ ಹೋದವನ್ನೂ ಸೇರಿಸಿ, ನಮಗೆ ಕಳಿಸಿಕೊಡಿ. ಪೂರ್ತಿ ಕೋಷ್ಟಕವನ್ನು ಅಚ್ಚು ಹಾಕುತ್ತೇವೆ.

— ಸಂಪಾದಕರು